ಟ್ಯೂಬ್ ಆಂಪ್ಲಿಫೈಯರ್ ಕೊಳ್ಳುವ ಮೊದಲು ಸ್ಪೀಕರ್ ಹಿಂದಿನ ಚೀಟಿ ಓದಿ

ಪ್ರಶ್ನೆ: ನನ್ನ ಹತ್ತಿರ ಒಂದು ಟ್ರಾನ್ಸಿಸ್ಟರ್ ಇಂಟಿಗ್ರೇಟೆಡ್ ಆಂಪ್ಲಿಫೈಯರ್ (ಸಿಗ್ನಲ್ ಆರಿಸಿ ಸದ್ದು ಹೊಂದಿಸುವ ಪ್ರೀಆಂಪ್, ಸ್ಪೀಕರನ್ನು ನಡೆಸುವ ಪವರ್ ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು) ಇದೆ, ಚೆನ್ನಾಗೇ ಕೆಲಸ ಮಾಡುತ್ತಿದೆ. ಆದರೆ ಸ್ನೇಹಿತರ ಮನೆಯಲ್ಲಿ 300ಬಿ ಟ್ಯೂಬಿನ ಆಂಪ್ಲಿಫೈಯರ್ ಕೇಳಿದ ಮೇಲೆ ಮನಸ್ಸು ಅಲ್ಲೇ ನಿಂತಿದೆ. ಹಾಡುವವರು ಎದುರಿಗೇ ಕೂತಂತಿತ್ತು. ಅವರ ಸ್ಪೀಕರ್ ದೊಡ್ಡದು, ಹಾರ್ನ್ ಇರುವಂಥದ್ದು. ಆಂಪ್ಲಿಫೈಯರ್ ಬರೀ 8 ವ್ಯಾಟ್. "ಟ್ಯೂಬಿನ ಒಂದು ವ್ಯಾಟ್ ಅಂದರೆ ಟ್ರಾನ್ಸಿಸ್ಟರಿನ ನಾಲ್ಕು ವ್ಯಾಟ್" ಅನ್ನುತ್ತಾರೆ ಅವರು. ನನ್ನದು ಚಿಕ್ಕ ಸ್ಪೀಕರ್. ಹಿಂದುಗಡೆ "86 ಡಿಬಿ, 2.83 ವೋಲ್ಟ್, 1 ಮೀಟರ್, 4 ಓಮ್" ಅಂತ ಬರೆದಿದೆ. ನಾನು ಕೂರುವುದು 3 ಮೀಟರ್ ದೂರದಲ್ಲಿ. ಹೆಚ್ಚಾಗಿ ಡಿಎಸಿಯಿಂದ (ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ) ಕೇಳುತ್ತೇನೆ, ಆಗಾಗ ರೆಕಾರ್ಡ್ ಪ್ಲೇಯರ್‌ನಿಂದ. ಇನ್ನೊಬ್ಬರ ಸಲಹೆ ಬೇರೆ: ಪವರ್ ಆಂಪ್ ಬದಲಿಸಬೇಡಿ, ಒಂದು ಟ್ಯೂಬ್ ಪ್ರೀಆಂಪ್ ತಂದು ಈಗಿರುವುದಕ್ಕೆ ಸೇರಿಸಿ, ಅದೇ ಸೊಗಸು ಬರುತ್ತದೆ ಅಂತ. ನನ್ನ ಆಂಪ್ಲಿಫೈಯರ್ ಹಿಂದೆ "ಮೇನ್ ಇನ್" ಸಾಕೆಟ್ (ನೇರವಾಗಿ ಪವರ್ ಆಂಪ್‌ಗೆ ಹೋಗುವ ದಾರಿ) ಇದೆ, ಕೈಪಿಡಿಯಲ್ಲಿ ಅದರ ಇನ್‌ಪುಟ್ ಇಂಪೀಡೆನ್ಸ್ (ಬರುವ ಸಿಗ್ನಲ್‌ಗೆ ಒಡ್ಡುವ ತಡೆ) 10 ಕಿಲೋ ಓಮ್ ಅಂತಿದೆ. ಇದರ ಜೊತೆಗೆ ಹಳೆಯ ಇಎಲ್34 ಪುಶ್‌ಪುಲ್ ಆಂಪ್ಲಿಫೈಯರ್ ಒಂದು, ಚಾನೆಲ್‌ಗೆ 35 ವ್ಯಾಟಿನದು, ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತಿದೆ. ಮೂರರಲ್ಲಿ ಯಾವುದು? ಮನೆಯಲ್ಲಿ ಚಿಕ್ಕ ಮಗು ಇದೆ, ಟ್ಯೂಬ್ ಅಪಾಯವೇ? ವರ್ಷ ವರ್ಷ ಟ್ಯೂಬ್ ಬದಲಿಸುತ್ತಾ ಇರಬೇಕಾ?

ಉತ್ತರ: ಟ್ಯೂಬ್ ಆಂಪ್ಲಿಫೈಯರ್ ಬಗ್ಗೆ ಬರುವ ಬಹಳಷ್ಟು ಪತ್ರಗಳಲ್ಲಿ ಆಂಪ್ಲಿಫೈಯರ್ ವಿಷಯ ಎರಡು ಪುಟ ಇರುತ್ತದೆ, ಸ್ಪೀಕರ್ ಯಾವುದು ಅಂತ ಒಂದು ಮಾತೂ ಇರುವುದಿಲ್ಲ. ನೀವು ಸ್ಪೀಕರಿನ ಚೀಟಿಯನ್ನೇ ಬರೆದು ಕಳಿಸಿದ್ದೀರಿ. ಅರ್ಧ ಉತ್ತರ ಅದರಲ್ಲೇ ಸಿಕ್ಕಿತು. ಮೊದಲೇ ಹೇಳಿಬಿಡುತ್ತೇನೆ: ಈ ಸ್ಪೀಕರ್ ಇಟ್ಟುಕೊಂಡು 300ಬಿ ತರಬೇಡಿ. ಟ್ಯೂಬ್ ಪ್ರೀಆಂಪ್ ಸಲಹೆಯಲ್ಲಿ ಒಂದು ತೊಡಕಿದೆ, ಅದನ್ನು ಆಮೇಲೆ ನೋಡೋಣ. ಇಎಲ್34 ಆಗಬಹುದು, ಆದರೆ ಮೆಕ್ಯಾನಿಕ್ ಪೆಟ್ಟಿಗೆ ಬಿಚ್ಚಿ ನೋಡಿದ ಮೇಲೆ.

ಮೊದಲು ಆ ನಾಲ್ಕು ವ್ಯಾಟಿನ ಮಾತು. ವ್ಯಾಟ್ ಅಂದರೆ ವ್ಯಾಟ್. ಸ್ಪೀಕರಿನ ಕಾಯಿಲ್‌ಗೆ ತನ್ನೊಳಗೆ ಬರುತ್ತಿರುವ ಕರೆಂಟ್ ಗಾಜಿನ ಟ್ಯೂಬಿನಿಂದ ಬಂತೋ ಸಿಲಿಕಾನ್‌ನಿಂದ ಬಂತೋ ಗೊತ್ತಾಗುವುದಿಲ್ಲ. ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿಂದ? ಸುಳ್ಳಿನಿಂದೇನೂ ಅಲ್ಲ. ಶಕ್ತಿ ಮುಗಿದಾಗ ಎರಡೂ ನಡೆದುಕೊಳ್ಳುವ ರೀತಿ ಬೇರೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತನ್ನ ಮಿತಿಯವರೆಗೆ ಚೊಕ್ಕವಾಗಿರುತ್ತದೆ, ಮಿತಿ ದಾಟಿದ ತಕ್ಷಣ ಅಲೆಯ ತಲೆಯನ್ನು ಚಪ್ಪಟೆಯಾಗಿ ಕತ್ತರಿಸುತ್ತದೆ. ಕಿವಿಗೆ ಅದು ಗರಗಸದಂತೆ ಕೇಳುತ್ತದೆ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ವಾಪಸ್ ತಂದು ತಪ್ಪು ತಿದ್ದಿಕೊಳ್ಳುವ ಏರ್ಪಾಡು) ಕಡಿಮೆ ಇರುವ ಟ್ಯೂಬ್ ಆಂಪ್ಲಿಫೈಯರ್ ಮಿತಿಗೆ ಹತ್ತಿರ ಬರುತ್ತಾ ಬರುತ್ತಾ ನಿಧಾನವಾಗಿ ಅಲೆಯನ್ನು ದುಂಡಗೆ ಮಾಡುತ್ತದೆ. ಹಾಗಾಗಿ ಅದನ್ನು ಸ್ವಲ್ಪ ಜಾಸ್ತಿ ದುಡಿಸಿದರೂ ಕಿವಿ ತಕರಾರು ಮಾಡುವುದಿಲ್ಲ. 1973ರಲ್ಲಿ ರಸೆಲ್ ಹ್ಯಾಮ್ ಅನ್ನುವವರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇದೇ ವಿಷಯ ಬರೆದರು. ಅವರು ನೋಡಿದ್ದು ಸ್ಟುಡಿಯೋಗಳ ಮೈಕ್ ಪ್ರೀಆಂಪ್‌ಗಳನ್ನು, ಅದೂ ಓವರ್‌ಲೋಡ್ ಆದಾಗ. ಜನ ಆ ಷರತ್ತನ್ನು ಬಿಟ್ಟು ತೀರ್ಮಾನವನ್ನು ಮಾತ್ರ ಹಿಡಿದುಕೊಂಡರು. ಮಿತಿಯ ಒಳಗೆ ಕೇಳುವಾಗ ಟ್ಯೂಬಿನ 8 ವ್ಯಾಟ್ 8 ವ್ಯಾಟೇ. ಇನ್ನೊಂದು ಸಂಗತಿ: ಫೀಡ್‌ಬ್ಯಾಕ್ ಚೆನ್ನಾಗಿ ಹಾಕಿದ ಟ್ಯೂಬ್ ಆಂಪ್ಲಿಫೈಯರ್ ಕೂಡ ಮಿತಿ ದಾಟಿದರೆ ಟ್ರಾನ್ಸಿಸ್ಟರ್‌ನಂತೆಯೇ ಗಡುಸಾಗಿ ಕತ್ತರಿಸುತ್ತದೆ.

ಈಗ ನಿಮ್ಮ ಚೀಟಿಗೆ ಬರೋಣ. 2.83 ವೋಲ್ಟ್ ಅನ್ನುವ ವಿಚಿತ್ರ ಸಂಖ್ಯೆ ಸುಮ್ನೆ ಬಂದದ್ದಲ್ಲ. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟರೆ ಸರಿಯಾಗಿ 1 ವ್ಯಾಟ್ ಆಗುತ್ತದೆ. ನಿಮ್ಮದು 4 ಓಮ್. ಅದೇ 2.83 ವೋಲ್ಟಿಗೆ ಅದು 2 ವ್ಯಾಟ್ ಎಳೆದುಕೊಳ್ಳುತ್ತದೆ. ಅಂದರೆ 86 ಡೆಸಿಬಲ್ ಬಂದದ್ದು 2 ವ್ಯಾಟ್ ಖರ್ಚು ಮಾಡಿ. ಶಕ್ತಿ ಅರ್ಧವಾದರೆ 3 ಡೆಸಿಬಲ್ ಇಳಿಯುತ್ತದೆ, ಹಾಗಾಗಿ 1 ವ್ಯಾಟಿಗೆ ನಿಮ್ಮ ಸ್ಪೀಕರ್ ಕೊಡುವುದು 83 ಡೆಸಿಬಲ್. ತಯಾರಕರು ಸುಳ್ಳು ಬರೆದಿಲ್ಲ. ವೋಲ್ಟ್ ಲೆಕ್ಕದಲ್ಲಿ ಬರೆದಿದ್ದಾರೆ, ನಾವು ವ್ಯಾಟ್ ಅಂತ ಓದುತ್ತೇವೆ, ಅಷ್ಟೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ, ಓಮ್ ಕಡಿಮೆಯಾದರೆ ಅದು ಜಾಸ್ತಿ ಕರೆಂಟ್ ಕೊಡುತ್ತದೆ. ಟ್ಯೂಬ್ ಆಂಪ್ಲಿಫೈಯರ್‌ಗೆ ಆ ಅನುಕೂಲ ಇಲ್ಲ. ಅದರ ಹಿಂದೆ ಸ್ಪೀಕರಿನ ಓಮ್‌ಗೆ ತಕ್ಕಂತೆ ಬೇರೆ ಬೇರೆ ಟ್ಯಾಪ್, ಅಂದರೆ ತಂತಿ ಸಿಕ್ಕಿಸುವ ಜಾಗ ಇರುತ್ತದೆ: 4 ಓಮ್ ಟ್ಯಾಪ್‌ನಲ್ಲೂ ಅದೇ 8 ವ್ಯಾಟ್, 8 ಓಮ್ ಟ್ಯಾಪ್‌ನಲ್ಲೂ ಅದೇ 8 ವ್ಯಾಟ್.

8 ವ್ಯಾಟ್ ಅಂದರೆ 1 ವ್ಯಾಟಿಗಿಂತ 9 ಡೆಸಿಬಲ್ ಮೇಲೆ. 83ಕ್ಕೆ 9 ಸೇರಿಸಿದರೆ 1 ಮೀಟರ್ ದೂರದಲ್ಲಿ 92. ನೀವು 3 ಮೀಟರ್ ದೂರ ಕೂರುತ್ತೀರಿ. ಬಯಲಿನಲ್ಲಾದರೆ ಅಲ್ಲಿಗೆ ಹೆಚ್ಚೂ ಕಡಿಮೆ 9.5 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳು ಸದ್ದನ್ನು ವಾಪಸ್ ಕೊಡುವುದರಿಂದ ಅಷ್ಟು ಇಳಿಯುವುದಿಲ್ಲ, 6 ಅಂತ ಇಟ್ಟುಕೊಳ್ಳಿ. ಎರಡು ಸ್ಪೀಕರ್ ಇರುವುದಕ್ಕೆ 3 ಸೇರಿಸಿ. ಕುರ್ಚಿಯ ಹತ್ತಿರ ಸಿಗುವುದು 89 ಡೆಸಿಬಲ್ ಆಸುಪಾಸು. ಕೇಳಲು ಸಾಕಷ್ಟು ಅನ್ನಿಸುತ್ತದೆ ಅಲ್ವಾ? ಆದರೆ ಅದು ಕಟ್ಟಕಡೆಯ ಮಿತಿ. ಸಂಗೀತದಲ್ಲಿ ಒಂದು ಡ್ರಮ್ ಪೆಟ್ಟೋ ಪಿಯಾನೋದ ಗಟ್ಟಿ ಸ್ವರವೋ ಸರಾಸರಿ ಸದ್ದಿಗಿಂತ 15ರಿಂದ 20 ಡೆಸಿಬಲ್ ಮೇಲೆ ಜಿಗಿಯುತ್ತದೆ. ಆ ಜಿಗಿತಕ್ಕೆ ಜಾಗ ಬಿಟ್ಟರೆ ನಿಮ್ಮ ಸರಾಸರಿ 69ರಿಂದ 74ರ ಒಳಗೇ ಇರಬೇಕು. ಜೋರಾಗಿ ಮಾತಾಡಿದಷ್ಟು ಸದ್ದು. ರಾತ್ರಿ ಒಬ್ಬರೇ ಕೂತು ಒಂದು ದನಿ, ಒಂದು ಗಿಟಾರ್ ಕೇಳುವುದಾದರೆ ಇಷ್ಟು ಸಾಕು. ಆರ್ಕೆಸ್ಟ್ರಾ ಹಾಕಿದ ದಿನ ಎಲ್ಲ ಕಲಸಿಕೊಂಡು ದಪ್ಪಗೆ ಕೇಳುತ್ತದೆ, ನೀವು ಟ್ಯೂಬ್ ಕೆಟ್ಟಿರಬೇಕು ಅಂದುಕೊಳ್ಳುತ್ತೀರಿ.

ನಿಮ್ಮ ಸ್ನೇಹಿತರ ಮನೆಯಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಅಲ್ಲಿರುವುದು ಹಾರ್ನ್. ದೊಡ್ಡ ಹಾರ್ನ್ ಸ್ಪೀಕರ್‌ಗಳು 95 ಡೆಸಿಬಲ್, ಕೆಲವು ಅದಕ್ಕೂ ಮೇಲೆ ಇರುತ್ತವೆ. ನಿಮ್ಮದಕ್ಕೂ ಅದಕ್ಕೂ 12 ಡೆಸಿಬಲ್ ಅಂತರ ಅಂತಿಟ್ಟುಕೊಂಡರೆ, ಶಕ್ತಿಯ ಲೆಕ್ಕದಲ್ಲಿ ಅದು 16 ಪಟ್ಟು. ಅಲ್ಲಿ 8 ವ್ಯಾಟ್ ಮಾಡಿದ ಕೆಲಸಕ್ಕೆ ನಿಮ್ಮ ಮನೆಯಲ್ಲಿ 128 ವ್ಯಾಟ್ ಬೇಕು. ಆಂಪ್ಲಿಫೈಯರ್ ಮಾತ್ರ ತಂದರೆ ನೀವು ಮೆಚ್ಚಿದ ಸದ್ದಿನ ದೊಡ್ಡ ಪಾಲು ಅವರ ಮನೆಯಲ್ಲೇ ಉಳಿಯುತ್ತದೆ.

ಸದ್ದಿನ ಪ್ರಮಾಣ ಆಯಿತು, ಇನ್ನು ಸದ್ದಿನ ಗುಣ. ಟ್ಯೂಬಿನ ಆ "ಬೆಚ್ಚಗಿನ" ಸದ್ದು ಎಲ್ಲಿಂದ ಬರುತ್ತದೆ? ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಟ್ಯೂಬಿನಲ್ಲಿ ಸಮ ಸಂಖ್ಯೆಯ ಹಾರ್ಮೋನಿಕ್ (ಮೂಲ ಸ್ವರದ ಎರಡು, ನಾಲ್ಕು ಪಟ್ಟು ಆವರ್ತನದ ಸ್ವರಗಳು) ಹುಟ್ಟುತ್ತದೆ, ಅದು ಕಿವಿಗೆ ಇಂಪು. 300ಬಿಯಂಥ ಸಿಂಗಲ್ ಎಂಡೆಡ್ (ಅಲೆಯ ಎರಡೂ ಅರ್ಧವನ್ನು ಒಂದೇ ಟ್ಯೂಬ್ ನಡೆಸುವ) ಆಂಪ್ಲಿಫೈಯರಿನಲ್ಲಿ ಇದು ನಿಜ, ಅಲ್ಲಿ ಎರಡನೇ ಹಾರ್ಮೋನಿಕ್ ಮೇಲುಗೈ. ಆದರೆ ಪುಶ್‌ಪುಲ್ ಸರ್ಕಿಟ್‌ನಲ್ಲಿ ಎರಡು ಟ್ಯೂಬ್‌ಗಳು ಎದುರುಬದುರು ಕೆಲಸ ಮಾಡಿ ಔಟ್‌ಪುಟ್ ಹಂತದ ಸಮ ಹಾರ್ಮೋನಿಕ್‌ಗಳನ್ನೇ ಹೊಡೆದುಹಾಕುತ್ತವೆ. ಉಳಿಯುವುದು ಹೆಚ್ಚಾಗಿ ಬೆಸ. ಆದರೂ ಜನ ಪುಶ್‌ಪುಲ್ ಕೇಳಿ ಅದೇ "ಬೆಚ್ಚಗೆ" ಅನ್ನುತ್ತಾರೆ. ಟ್ಯೂಬ್ ಅಂದರೇ ಡಿಸ್ಟಾರ್ಷನ್ (ಸದ್ದಿನ ವಿಕಾರ) ಅಂತಲೂ ಅಲ್ಲ. 1945ರಲ್ಲೇ ಇಂಗ್ಲೆಂಡಿನ ಲೀಕ್ ಕಂಪನಿ ತನ್ನ ಆಂಪ್ಲಿಫೈಯರಿಗೆ "ಪಾಯಿಂಟ್ ಒನ್" ಅಂತ ಹೆಸರಿಟ್ಟಿತ್ತು, ಡಿಸ್ಟಾರ್ಷನ್ ಶೇಕಡಾ 0.1 ಮಾತ್ರ ಅಂತ ಸಾರುವುದಕ್ಕೆ. 1947ರಲ್ಲಿ ವಿಲಿಯಮ್ಸನ್ ಅನ್ನುವ ಎಂಜಿನಿಯರ್ ತಮ್ಮ ಸರ್ಕಿಟ್ ಅನ್ನು ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲಂತೂ ಚೊಕ್ಕ ಸದ್ದು ಮನೆಯಲ್ಲಿ ಕಟ್ಟುವವರ ಕೈಗೂ ಸಿಕ್ಕಿತು.

ನನ್ನ ರಿಪೇರಿ ಮೇಜಿನ ಮೇಲೆ ಬಂದ ಆಂಪ್ಲಿಫೈಯರ್‌ಗಳನ್ನು ಅಳೆದು, ಆಮೇಲೆ ಅದನ್ನೇ ಕೇಳಿ ನನಗೆ ಬಂದ ಅಭಿಪ್ರಾಯ ಇದು: ಹಾರ್ಮೋನಿಕ್‌ಗಿಂತ ಜಾಸ್ತಿ ಕೆಲಸ ಮಾಡುವುದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್ಲಿಫೈಯರಿನ ಒಳಗಿನ ತಡೆ. ಸ್ಪೀಕರಿನ ಮೇಲೆ 8 ಓಮ್ ಅಂತ ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ 8 ಓಮ್ ಆಗಿರುವುದಿಲ್ಲ. ಬೇಸ್‌ನಲ್ಲಿ ಒಂದು ಕಡೆ 30ಕ್ಕೆ ಏರುತ್ತದೆ, ಸ್ವಲ್ಪ ಮೇಲೆ 6ಕ್ಕೆ ಇಳಿಯುತ್ತದೆ, ಕ್ರಾಸ್‌ಓವರ್ (ಬೇಸ್ ಮತ್ತು ಟ್ರೆಬಲ್ ಯೂನಿಟ್‌ಗಳ ನಡುವೆ ಸ್ವರ ಹಂಚಿಕೆಯಾಗುವ ಜಾಗ) ಹತ್ತಿರ ಮತ್ತೆ ಏರುತ್ತದೆ. ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ 0.1 ಓಮ್ ಅಥವಾ ಅದಕ್ಕೂ ಕಡಿಮೆ. ಈ ಏರಿಳಿತ ಅದಕ್ಕೆ ಲೆಕ್ಕಕ್ಕೇ ಇಲ್ಲ, ಎಲ್ಲ ಸ್ವರವೂ ಒಂದೇ ಮಟ್ಟದಲ್ಲಿ ಬರುತ್ತದೆ. ಫೀಡ್‌ಬ್ಯಾಕ್ ಇಲ್ಲದ 300ಬಿಯಲ್ಲಿ ಅದೇ ಇಂಪೀಡೆನ್ಸ್ 2ರಿಂದ 3 ಓಮ್ ಇರುವುದು ಮಾಮೂಲು. 2.5 ಅಂತ ಹಿಡಿದು ಲೆಕ್ಕ ಹಾಕಿ: ಸ್ಪೀಕರ್ 6 ಓಮ್ ಇರುವ ಕಡೆ 3 ಡೆಸಿಬಲ್ ನಷ್ಟ, 30 ಓಮ್ ಇರುವ ಕಡೆ ಬರೀ 0.7. ನಡುವೆ 2.3 ಡೆಸಿಬಲ್ ವ್ಯತ್ಯಾಸ. ಟೋನ್ ಕಂಟ್ರೋಲ್ ತಿರುಗಿಸಿದಂತೆಯೇ ಆಯಿತು. ಬೇಸ್ ಒಂದು ಕಡೆ ಉಬ್ಬಿತು, ದನಿ ಇರುವ ಜಾಗ ಸ್ವಲ್ಪ ಮುಂದೆ ಬಂತು ಅಥವಾ ಹಿಂದೆ ಹೋಯಿತು. ಯಾವ ಕಡೆಗೆ ಅನ್ನುವುದು ಪೂರ್ತಿ ಸ್ಪೀಕರಿನ ಕೈಯಲ್ಲಿದೆ. ಅದಕ್ಕೇ ಒಂದೇ ಟ್ಯೂಬ್ ಆಂಪ್ಲಿಫೈಯರ್ ಒಬ್ಬರ ಮನೆಯಲ್ಲಿ ಅಮೃತ, ಇನ್ನೊಬ್ಬರ ಮನೆಯಲ್ಲಿ ಗೊರಗೊರ.

1985ರಲ್ಲಿ ಆಂಪ್ಲಿಫೈಯರ್ ತಯಾರಕ ಬಾಬ್ ಕಾರ್ವರ್ ಅಮೆರಿಕದ ಸ್ಟೀರಿಯೋಫೈಲ್ ಪತ್ರಿಕೆಯವರಿಗೆ ಒಂದು ಸವಾಲು ಹಾಕಿದರು. ನೀವು ಮೆಚ್ಚುವ ಆಂಪ್ಲಿಫೈಯರ್ ಯಾವುದಾದರೂ ಕೊಡಿ, ನನ್ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಅದರಂತೆಯೇ ಕೇಳಿಸುತ್ತೇನೆ ಅಂತ. ಎರಡರ ಔಟ್‌ಪುಟ್ ಅನ್ನು ಒಂದಕ್ಕೊಂದು ಎದುರಿಟ್ಟು, ವ್ಯತ್ಯಾಸ ಕರಗುವವರೆಗೆ ತಿದ್ದಿದರು. ಆ ತಿದ್ದುಪಡಿಯಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಹೊಂದಿಸಿದ್ದೂ ಒಂದು. ಕೇಳಿ ನೋಡಿದ ಪತ್ರಿಕೆಯವರಿಗೆ ಯಾವುದು ಯಾವುದು ಅಂತ ಹೇಳಲಾಗಲಿಲ್ಲ. ಇದನ್ನು ಹೇಳಿ ಟ್ಯೂಬ್ ಪ್ರಿಯರನ್ನು ಚುಚ್ಚುವವರಿದ್ದಾರೆ. ನನಗೆ ಆ ಆಸಕ್ತಿ ಇಲ್ಲ. ನಾನೂ ಟ್ಯೂಬಿನಲ್ಲೇ ಕೇಳುತ್ತೇನೆ. ನನಗೆ ಇದರಲ್ಲಿ ಕಾಣುವುದು ಒಂದು ಅನುಕೂಲ: ಕಾಸು ಖರ್ಚು ಮಾಡುವ ಮೊದಲೇ ನೀವು ಇದನ್ನು ಮನೆಯಲ್ಲಿ ಪರೀಕ್ಷೆ ಮಾಡಬಹುದು.

ಹೇಗೆ ಅಂದರೆ, 1 ಅಥವಾ 1.5 ಓಮ್‌ನ ಎರಡು ವೈರ್‌ವೂಂಡ್ ರೆಸಿಸ್ಟರ್ ತನ್ನಿ. 20 ವ್ಯಾಟಿನದೇ ಇರಲಿ. ಆಂಪ್ಲಿಫೈಯರ್ ಆಫ್ ಮಾಡಿ, ಪ್ರತಿ ಸ್ಪೀಕರಿನ ಒಂದು ತಂತಿಯ ನಡುವೆ ಒಂದೊಂದನ್ನು ಸರಣಿಯಲ್ಲಿ ಸೇರಿಸಿ. ಬರಿಯ ತಂತಿ ಒಂದಕ್ಕೊಂದು ತಾಗಬಾರದು, ಹಾಗೆ ತಾಗಿದರೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ರೆಸಿಸ್ಟರ್ ಬಿಸಿಯಾಗುತ್ತದೆ, ಬಟ್ಟೆ ಕಾರ್ಪೆಟ್ ಹತ್ತಿರ ಇಡಬೇಡಿ, ಮಗು ಇಲ್ಲದ ಹೊತ್ತಿನಲ್ಲಿ ಮಾಡಿ. ಸದ್ದು 2ರಿಂದ 3 ಡೆಸಿಬಲ್ ಇಳಿಯುತ್ತದೆ, ಅಷ್ಟು ವಾಲ್ಯೂಮ್ ಏರಿಸಿಕೊಂಡು ಕೇಳಿ. ಏರಿಸದೆ ಹೋಲಿಸಿದರೆ ಜೋರಾಗಿರುವುದೇ ಚೆಂದ ಅನ್ನಿಸುತ್ತದೆ, ನಮ್ಮೆಲ್ಲರ ಕಿವಿಯೂ ಹಾಗೇ. ಒಂದು ವಾರ ಹೀಗೆ ಕೇಳಿ. ಟ್ಯೂಬಿನ ಪೂರ್ತಿ ಗುಣ ಇದರಲ್ಲಿ ಬರುವುದಿಲ್ಲ. ಆದರೆ ನಿಮ್ಮ ಸ್ಪೀಕರ್ ಹೆಚ್ಚಿನ ಔಟ್‌ಪುಟ್ ಇಂಪೀಡೆನ್ಸ್ ಜೊತೆ ಹೇಗೆ ಹೊಂದುತ್ತದೆ ಅನ್ನುವುದು ಖಂಡಿತ ಗೊತ್ತಾಗುತ್ತದೆ. ಬೇಸ್ ಸಡಿಲವಾಗಿ ಗುಮ್ ಅನ್ನತೊಡಗಿದರೆ ಟ್ಯೂಬ್ ಪವರ್ ಆಂಪ್ ತರುವ ಮೊದಲು ಇನ್ನೊಮ್ಮೆ ಯೋಚಿಸಿ.

ಈಗ ಪ್ರೀಆಂಪ್ ಸಲಹೆ. ಟ್ಯೂಬ್ ಪ್ರೀಆಂಪ್ ತಂದು ಟ್ರಾನ್ಸಿಸ್ಟರ್ ಪವರ್ ಆಂಪ್‌ಗೆ ಸೇರಿಸಿದರೆ, ಮೇಲೆ ಹೇಳಿದ ಔಟ್‌ಪುಟ್ ಇಂಪೀಡೆನ್ಸ್ ವಿಷಯ ಬರುವುದೇ ಇಲ್ಲ. ಸ್ಪೀಕರನ್ನು ನಡೆಸುವುದು ಆಗಲೂ ಟ್ರಾನ್ಸಿಸ್ಟರೇ. ಹಾಗಾಗಿ ಸ್ನೇಹಿತರ ಮನೆಯಲ್ಲಿ ಕೇಳಿದ್ದು ಪ್ರೀಆಂಪ್‌ನಿಂದ ಬರುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಚೆನ್ನಾಗಿ ಕಟ್ಟಿದ ಟ್ಯೂಬ್ ಪ್ರೀಆಂಪ್ ತನ್ನದೇ ಬಣ್ಣ ಬಹಳ ಕಡಿಮೆ ಸೇರಿಸುತ್ತದೆ. ಜಾಸ್ತಿ ಬಣ್ಣ ಸೇರಿಸುವುದು ಬೇಕಂತಲೇ ಹಾಗೆ ಮಾಡಿದ್ದು, ಇಲ್ಲವೇ ಹೊಂದಾಣಿಕೆ ತಪ್ಪಿದ್ದು.

ನಿಮ್ಮಲ್ಲಿ ಆ ಹೊಂದಾಣಿಕೆ ತಪ್ಪುವ ಸಾಧ್ಯತೆ ಇದೆ. ಆ 10 ಕಿಲೋ ಓಮ್ ನೋಡಿ. ಟ್ಯೂಬ್ ಪ್ರೀಆಂಪ್‌ನ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ತಡೆಯಲು ಸಾಮಾನ್ಯವಾಗಿ ಒಂದು ಕೆಪಾಸಿಟರ್ ಇರುತ್ತದೆ. ಆ ಕೆಪಾಸಿಟರ್ ಮತ್ತು ಮುಂದಿನ ಆಂಪ್ಲಿಫೈಯರಿನ ಇನ್‌ಪುಟ್ ಇಂಪೀಡೆನ್ಸ್ ಸೇರಿ ಬೇಸ್ ಎಲ್ಲಿ ಕತ್ತರಿಸಬೇಕು ಅಂತ ನಿರ್ಧರಿಸುತ್ತವೆ. 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ ಅನ್ನು ಟ್ಯೂಬ್ ಪವರ್ ಆಂಪ್‌ನ 100 ಕಿಲೋ ಓಮ್‌ಗೆ ಸೇರಿಸಿದರೆ ಬೇಸ್ 3 ಡೆಸಿಬಲ್ ಇಳಿಯುವುದು 3.4 ಹರ್ಟ್ಜ್‌ನಲ್ಲಿ, ಯಾರಿಗೂ ಗೊತ್ತಾಗದ ಜಾಗ. ಅದೇ ಕೆಪಾಸಿಟರ್ ನಿಮ್ಮ 10 ಕಿಲೋ ಓಮ್ ಜೊತೆ ಸೇರಿದರೆ 34 ಹರ್ಟ್ಜ್‌ನಲ್ಲೇ 3 ಡೆಸಿಬಲ್ ಹೋಯಿತು. ಜೊತೆಗೆ ಪ್ರೀಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್. ಮುಂದಿನದರ ಇನ್‌ಪುಟ್ ಇದಕ್ಕಿಂತ ಕನಿಷ್ಠ 10 ಪಟ್ಟು ಇರಬೇಕು ಅನ್ನುವುದು ನಮ್ಮ ಕಸುಬಿನ ಹಳೆಯ ಲೆಕ್ಕ. ಪ್ರೀಆಂಪ್‌ಗಳಲ್ಲಿ ಬಳಸುವ 12ಎಎಕ್ಸ್7 ಅನ್ನುವ ಚಿಕ್ಕ ಟ್ಯೂಬಿನ ಪ್ಲೇಟ್‌ನಿಂದ ನೇರವಾಗಿ ಔಟ್‌ಪುಟ್ ತೆಗೆದಿದ್ದರೆ ಅದು ಹತ್ತಾರು ಕಿಲೋ ಓಮ್ ಇರುತ್ತದೆ, ನಿಮ್ಮ 10 ಕಿಲೋ ಓಮ್ ಮುಂದೆ ಕುಸಿದು ಕೂರುತ್ತದೆ. ಕೊನೆಯ ಹಂತದಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಇಳಿಸುವ ಕ್ಯಾಥೋಡ್ ಫಾಲೋವರ್ ಸರ್ಕಿಟ್ ಇದ್ದರೆ ಕೆಲವು ನೂರು ಓಮ್, ಆಗ ತೊಂದರೆ ಇಲ್ಲ. ಆದ್ದರಿಂದ ಪ್ರೀಆಂಪ್ ತರುವುದೇ ಆದರೆ ಮಾರುವವರನ್ನು ಕೇಳಬೇಕಾದದ್ದು ಎರಡು: ಔಟ್‌ಪುಟ್ ಇಂಪೀಡೆನ್ಸ್ ಎಷ್ಟು, ಔಟ್‌ಪುಟ್ ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡ್. ಮೊದಲನೆಯದು 1 ಕಿಲೋ ಓಮ್ ಒಳಗೆ, ಎರಡನೆಯದು 2 ಮೈಕ್ರೋಫ್ಯಾರಡ್ ಅಥವಾ ಮೇಲೆ ಇದ್ದರೆ ನಿಮ್ಮ ಆಂಪ್ಲಿಫೈಯರಿಗೆ ಸರಿ. ಉತ್ತರ ಗೊತ್ತಿಲ್ಲ ಅಂದರೆ ಬಿಟ್ಟುಬಿಡಿ.

"ಮೇನ್ ಇನ್" ಇರುವುದು ನಿಮ್ಮ ಅದೃಷ್ಟ. ಅದಿಲ್ಲದವರು ಟ್ಯೂಬ್ ಪ್ರೀಆಂಪ್ ತಂದು ಆಕ್ಸ್ ಸಾಕೆಟ್‌ಗೆ ಸಿಕ್ಕಿಸುತ್ತಾರೆ, ಆಗ ಒಂದರ ಹಿಂದೆ ಒಂದು ಎರಡು ಪ್ರೀಆಂಪ್ ಆಗುತ್ತದೆ. ಒಂದು ನಲ್ಲಿಯನ್ನು ಪೂರ್ತಿ ಬಿಟ್ಟು ಮುಂದಿನ ನಲ್ಲಿಯನ್ನು ಬಿಗಿ ಹಿಡಿದಂತೆ. ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಅನ್ನುವ ವಿಷಯದಲ್ಲಿ ನಿಮಗೂ ಒಂದು ಮಾತು. ಡಿಎಸಿಗಳ ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್. ಪವರ್ ಆಂಪ್‌ಗಳನ್ನು ಪೂರ್ತಿ ದುಡಿಸಲು 1 ವೋಲ್ಟ್ ಆಸುಪಾಸು ಸಾಕು. ಬೇಕಾದದ್ದಕ್ಕಿಂತ ಜಾಸ್ತಿಯೇ ಡಿಎಸಿ ಕೊಡುತ್ತಿದೆ. ಅದರ ಮೇಲೆ 5 ಪಟ್ಟು ಹೆಚ್ಚಿಸುವ ಪ್ರೀಆಂಪ್ ಇಟ್ಟರೆ ವಾಲ್ಯೂಮ್ ಗುಂಡಿ ಶುರುವಿನ ಕಾಲು ಸುತ್ತಿನೊಳಗೇ ಆಡುತ್ತಿರುತ್ತದೆ. ಆ ಜಾಗದಲ್ಲಿ ಎಡ ಬಲ ಸಮ ಬರುವುದು ಕಷ್ಟ. ಪ್ರೀಆಂಪ್‌ನ ಸ್ವಂತ ಹಿಸ್ ಮತ್ತು ಹಮ್ ಮಾತ್ರ ಪೂರ್ತಿ ದಾಟಿ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಇಂದಿನ ಡಿಜಿಟಲ್ ಸೋರ್ಸ್ ಇರುವ ಬಹಳ ಜನಕ್ಕೆ ಲೈನ್ ಪ್ರೀಆಂಪ್‌ನ ಅಗತ್ಯವೇ ಇಲ್ಲ. ಒಂದು ವಾಲ್ಯೂಮ್ ಕಂಟ್ರೋಲ್, ಒಂದು ಸ್ವಿಚ್ ಸಾಕು. ರೆಕಾರ್ಡ್ ಪ್ಲೇಯರ್ ವಿಷಯ ಬೇರೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ (ಸೂಜಿ ಇರುವ ಭಾಗ) ಕೊಡುವುದು 5 ಮಿಲಿವೋಲ್ಟ್ ಅಷ್ಟೇ, ಆರ್‌ಐಎಎ ತಿದ್ದುಪಡಿಯೂ (ರೆಕಾರ್ಡ್ ಕೊರೆಯುವಾಗ ಇಳಿಸಿದ ಬೇಸ್, ಏರಿಸಿದ ಟ್ರೆಬಲ್ ಸರಿಮಾಡುವುದು) ಬೇಕು. ಅದಕ್ಕೆ ಫೋನೋ ಸ್ಟೇಜ್ ಇರಲೇಬೇಕು. ನಿಮಗೆ ಟ್ಯೂಬಿನ ಚಟ ಕಡಿಮೆ ಅಪಾಯದಲ್ಲಿ ತೀರಿಸಿಕೊಳ್ಳಬೇಕಿದ್ದರೆ ಟ್ಯೂಬ್ ಫೋನೋ ಸ್ಟೇಜ್ ಒಂದು ಒಳ್ಳೆಯ ದಾರಿ, ಮೇಲೆ ಹೇಳಿದ ಇಂಪೀಡೆನ್ಸ್ ಪ್ರಶ್ನೆ ಕೇಳಿಕೊಂಡೇ.

ಟ್ಯೂಬ್ ಪ್ರೀಆಂಪ್ ಮತ್ತು ಟ್ರಾನ್ಸಿಸ್ಟರ್ ಪವರ್ ಆಂಪ್ ಜೋಡಿಗೆ ಇನ್ನೊಂದು ಅಪಾಯವಿದೆ. ಟ್ಯೂಬ್ ಬಿಸಿಯಾಗುವ ಮೊದಲ ಅರ್ಧ ನಿಮಿಷ ಅದರ ಔಟ್‌ಪುಟ್‌ನಲ್ಲಿ ವೋಲ್ಟೇಜ್ ಏರಿಳಿಯುತ್ತಿರುತ್ತದೆ. ಆಗ ಪವರ್ ಆಂಪ್ ಆನ್ ಆಗಿದ್ದರೆ ಢಬ್ ಅಂತ ಸ್ಪೀಕರಿನ ಕೋನ್ ಮುಂದೆ ಹಾರುತ್ತದೆ. ಪ್ರೀಆಂಪ್ ಮೊದಲು ಆನ್, ಒಂದು ನಿಮಿಷ ಬಿಟ್ಟು ಪವರ್ ಆಂಪ್. ಆಫ್ ಮಾಡುವಾಗ ಉಲ್ಟಾ. ಮ್ಯೂಟ್ ರಿಲೇ ಇರುವ ಪ್ರೀಆಂಪ್ ಆದರೆ ಈ ತಲೆನೋವು ಇರುವುದಿಲ್ಲ.

ಉಳಿದದ್ದು ಇಎಲ್34. 1959ರ ಡೈನಾಕೊ ಎಸ್‌ಟಿ-70 ಕಾಲದಿಂದಲೂ ಚಾನೆಲ್‌ಗೆ ಒಂದು ಜೋಡಿ ಇಎಲ್34, 35 ವ್ಯಾಟ್ ಅನ್ನುವುದು ಒಗ್ಗಿದ ಲೆಕ್ಕ. 35 ವ್ಯಾಟ್ ಅಂದರೆ 8 ವ್ಯಾಟಿಗಿಂತ 6.4 ಡೆಸಿಬಲ್ ಮೇಲೆ. ನಿಮ್ಮ ಕುರ್ಚಿಯಲ್ಲಿ 95ರ ಹತ್ತಿರ ಬರುತ್ತದೆ. ಮನೆಯಲ್ಲಿ ಕೇಳಲು ಸಾಕು. ಈ ಥರದ ಪುಶ್‌ಪುಲ್‌ಗಳಲ್ಲಿ ಫೀಡ್‌ಬ್ಯಾಕ್ ಇರುವುದರಿಂದ ಔಟ್‌ಪುಟ್ ಇಂಪೀಡೆನ್ಸ್ 300ಬಿಗಿಂತ ಕಡಿಮೆ, 4 ಓಮ್ ಟ್ಯಾಪ್‌ನಲ್ಲಿ ಇನ್ನೂ ಕಡಿಮೆ. ಅಂದರೆ ಬೇಸ್ ಹಿಡಿತದಲ್ಲಿರುತ್ತದೆ. ಸ್ನೇಹಿತರ ಮನೆಯ ಸದ್ದು ಇದಲ್ಲ, ಆದರೆ ನಿಮ್ಮ ಸ್ಪೀಕರ್ ಜೊತೆ ಬಾಳುವ ಟ್ಯೂಬ್ ಆಂಪ್ಲಿಫೈಯರ್ ಇದು.

ಆದರೆ ಹಳೆಯದು ಅಂದಿರಿ. ಎಷ್ಟು ಹಳೆಯದು? ಹತ್ತಾರು ವರ್ಷ ಮೂಲೆಯಲ್ಲಿ ಕೂತಿದ್ದ ಆಂಪ್ಲಿಫೈಯರನ್ನು ತಂದ ದಿನವೇ ಪ್ಲಗ್ ಸಿಕ್ಕಿಸಬೇಡಿ. ಪವರ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ, ಪೂರ್ತಿ ವೋಲ್ಟೇಜ್ ಬಿದ್ದರೆ ಸಿಡಿಯಬಹುದು, ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದೊಯ್ಯಬಹುದು. ಟ್ಯೂಬ್ ತಿಳಿದ ಮೆಕ್ಯಾನಿಕ್ ಒಬ್ಬರು ವೇರಿಯಾಕ್ (ಮೇನ್ಸ್ ವೋಲ್ಟೇಜ್ ಏರಿಳಿಸುವ ಉಪಕರಣ) ಇಟ್ಟು ನಿಧಾನವಾಗಿ ಏರಿಸಿ ನೋಡಲಿ. ಹಂತಗಳ ನಡುವಿನ ಕಪ್ಲಿಂಗ್ ಕೆಪಾಸಿಟರ್‌ಗಳು ಇನ್ನೊಂದು ಕಾಯಿಲೆ. ಅವು ಸ್ವಲ್ಪ ಸೋರಿದರೂ ಪವರ್ ಟ್ಯೂಬಿನ ಗ್ರಿಡ್‌ಗೆ (ಕರೆಂಟ್ ಹಿಡಿತದಲ್ಲಿಡುವ ಭಾಗಕ್ಕೆ) ಪಾಸಿಟಿವ್ ವೋಲ್ಟೇಜ್ ಹೋಗಿ, ಟ್ಯೂಬ್ ಮಿತಿ ಮೀರಿ ಕರೆಂಟ್ ಎಳೆದು, ಒಳಗಿನ ಬೂದು ಬಣ್ಣದ ಪ್ಲೇಟ್ ಕೆಂಪಗೆ ಕಾದುಬಿಡುತ್ತದೆ. ಫಿಲಮೆಂಟಿನ ಕಿತ್ತಳೆ ಬೆಳಕು ಸಹಜ. ಪ್ಲೇಟೇ ಕೆಂಪಾದರೆ ತಕ್ಷಣ ಆಫ್ ಮಾಡಬೇಕು. ಕೆಪಾಸಿಟರ್, ಟ್ಯೂಬ್, ಸಾಕೆಟ್ ಇವೆಲ್ಲ ಬದಲಿಸುವಂಥವು. ನೀವು ನಿಜವಾಗಿ ಹಣ ಕೊಡುತ್ತಿರುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳಿಗೆ. ಎರಡೂ ಮೂಲದ್ದೇ ಇರಬೇಕು, ಒಂದೇ ಥರ ಇರಬೇಕು, ಟಾರ್ ಸೋರಿರಬಾರದು. ಒಂದು ಸುಟ್ಟು ಇನ್ಯಾವುದನ್ನೋ ಹಾಕಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಟ್ಯೂಬ್ ಖರ್ಚಿನ ಭಯ ಸ್ವಲ್ಪ ಜಾಸ್ತಿಯಾಯಿತು. ಸರಿಯಾದ ಬಯಾಸ್‌ನಲ್ಲಿ (ಸಿಗ್ನಲ್ ಇಲ್ಲದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಹೊಂದಿಕೆ) ಇಎಲ್34 ಸಾಮಾನ್ಯವಾಗಿ 2,000 ಗಂಟೆಗೆ ಮೋಸ ಮಾಡುವುದಿಲ್ಲ. ದಿನಕ್ಕೆ 2 ಗಂಟೆ ಕೇಳಿದರೆ ವರ್ಷಕ್ಕೆ 730 ಗಂಟೆ, ನೀವೇ ಲೆಕ್ಕ ಹಾಕಿ. 12ಎಎಕ್ಸ್7ನಂಥ ಚಿಕ್ಕ ಟ್ಯೂಬ್‌ಗಳು ಇದರ ಹಲವು ಪಟ್ಟು ಬಾಳುತ್ತವೆ. ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ಇವು ಇಂದೂ ತಯಾರಾಗುತ್ತಿವೆ, ಇಎಲ್34 ಸಿಗದೆ ಹೋಗುವ ಟ್ಯೂಬ್ ಅಲ್ಲ. ಫಿಕ್ಸೆಡ್ ಬಯಾಸ್ ಆಂಪ್ಲಿಫೈಯರ್ ಆದರೆ ಹೊಸ ಟ್ಯೂಬ್ ಹಾಕಿದಾಗಲೆಲ್ಲ ಬಯಾಸ್ ಹೊಂದಿಸಬೇಕು, ಜೋಡಿ ಹೊಂದಿದ ಟ್ಯೂಬ್‌ಗಳೇ ಬೇಕು. ಕ್ಯಾಥೋಡ್ ಬಯಾಸ್ ಆದರೆ ಅದು ತನ್ನಷ್ಟಕ್ಕೆ ಹೊಂದಿಕೊಳ್ಳುತ್ತದೆ, ಬದಲಿಗೆ ಸ್ವಲ್ಪ ಶಕ್ತಿ ಬಿಟ್ಟುಕೊಡುತ್ತದೆ. ಹಳೆ ಸ್ಟಾಕಿನ ದುಬಾರಿ ಟ್ಯೂಬ್‌ಗಳ ಬೆನ್ನು ಹತ್ತುವುದು ಬೇರೆಯೇ ಹುಚ್ಚು. ಅದು ಬೇಕಿದ್ದರೆ ಆಮೇಲೆ ಬರಲಿ. ಆದರೆ ಒಂದು ಎಚ್ಚರ: 12ಎಎಕ್ಸ್7, 12ಎಯು7 ಎರಡರ ಕಾಲುಗಳೂ ಒಂದೇ ಥರ, ಸಾಕೆಟ್‌ಗೆ ಸಲೀಸಾಗಿ ಕೂರುತ್ತವೆ. ಒಂದರ ಆಂಪ್ಲಿಫಿಕೇಷನ್ ಫ್ಯಾಕ್ಟರ್ 100, ಇನ್ನೊಂದರದು 20ರ ಒಳಗೆ. 6ಡಿಜೆ8 ಕೂಡ ಅದೇ ಒಂಬತ್ತು ಕಾಲಿನ ಸಾಕೆಟ್‌ನಲ್ಲಿ ಕೂರುತ್ತದೆ, ಆದರೆ ಅದರ ಹೀಟರ್ ಜೋಡಣೆಯೇ ಬೇರೆ. ಕೂರುತ್ತದೆ ಅಂತ ಹಾಕಬೇಡಿ.

ಮಗುವಿನ ವಿಷಯ. ಟ್ಯೂಬಿನ ಗಾಜು ಮುಟ್ಟಿದರೆ ಸುಡುತ್ತದೆ, ಬೊಬ್ಬೆ ಬರುತ್ತದೆ. ಆದ್ದರಿಂದ ಜಾಲರಿಯ ಮುಚ್ಚಳ ಇಲ್ಲದ ಆಂಪ್ಲಿಫೈಯರ್ ನಿಮ್ಮ ಮನೆಗೆ ಬೇಡವೇ ಬೇಡ. ಚಿತ್ರದಲ್ಲಿ ಚೆಂದ ಕಾಣಲಿ ಅಂತ ಜಾಲರಿ ತೆಗೆದಿಡುವವರಿದ್ದಾರೆ, ಅವರ ಮನೆಯಲ್ಲಿ ಚಿಕ್ಕ ಬೆರಳುಗಳಿಲ್ಲ. ಎತ್ತರದ ಗಟ್ಟಿ ಮೇಜಿನ ಮೇಲಿಡಿ, ಮೇಲೆ ಸುತ್ತ ಗಾಳಿಯಾಡಲಿ, ತಂತಿ ಎಳೆದರೆ ಕೆಳಗೆ ಬೀಳದಂತೆ ಕಟ್ಟಿ. ನಾಲ್ಕು ಇಎಲ್34ರ ಹೀಟರ್‌ಗಳೇ 38 ವ್ಯಾಟ್ ಶಾಖ ಕೊಡುತ್ತವೆ, ಉಳಿದದ್ದು ಬೇರೆ. ಒಳಗೆ 400 ವೋಲ್ಟ್ ಸುಮಾರಿನ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು, ಆ ಕರೆಂಟ್ ಹೊಡೆತಕ್ಕೆ ಜೀವ ಹೋಗುತ್ತದೆ. ಹಾಗಾಗಿ ಕೆಳಗಿನ ತಗಡನ್ನು ನೀವು ಬಿಚ್ಚಬೇಡಿ. ಇನ್ನೊಂದು ಕೆಟ್ಟ ಸಲಹೆ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ: ಗುಂಯ್ ಅನ್ನುವ ಹಮ್ ಬಂದರೆ ಪ್ಲಗ್ಗಿನ ಅರ್ತ್ ಪಿನ್ ತೆಗೆದುಬಿಡಿ ಅಂತ. ಹಮ್ ನಿಲ್ಲಬಹುದು. ಆದರೆ ಒಳಗೆ ಎಲ್ಲೋ ಇನ್ಸುಲೇಷನ್ ಕೆಟ್ಟ ದಿನ ಇಡೀ ಲೋಹದ ಪೆಟ್ಟಿಗೆಗೆ ಕರೆಂಟ್ ಬರುತ್ತದೆ. ಗ್ರೌಂಡ್ ಲೂಪ್ (ಎರಡು ಪೆಟ್ಟಿಗೆಗಳ ಅರ್ತ್ ಸಿಗ್ನಲ್ ಕೇಬಲ್ ಮೂಲಕ ಸುತ್ತು ಹಾಕುವುದು) ಇದ್ದರೆ ಸಿಗ್ನಲ್ ಕೇಬಲ್ ಕಡೆಯಿಂದ ಬಿಡಿಸಬೇಕು, ಅರ್ತ್ ಕಡೆಯಿಂದಲ್ಲ. ಹಳೆಯ ಆಂಪ್ಲಿಫೈಯರಿನಲ್ಲಿ ಎರಡೇ ಪಿನ್ನಿನ ತಂತಿ ಇದ್ದರೆ ಮೂರು ಪಿನ್ನಿನದು ಹಾಕಿಸಿ, ಕೆಪಾಸಿಟರ್ ಬದಲಿಸುವಾಗಲೇ ಆ ಕೆಲಸವೂ ಆಗಲಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಆ ರೆಸಿಸ್ಟರ್ ಪರೀಕ್ಷೆ ಮಾಡುತ್ತಿದ್ದೆ. ಸದ್ದು ಹಿಡಿಸಿತು, ಸ್ಪೀಕರ್ ಬದಲಿಸುವ ಮನಸ್ಸಿಲ್ಲ ಅಂದರೆ ಇಎಲ್34 ಅನ್ನು ಮೆಕ್ಯಾನಿಕ್‌ಗೆ ತೋರಿಸಿ ತರುತ್ತಿದ್ದೆ, ಡಿಎಸಿಗೆ ವಾಲ್ಯೂಮ್ ಇದ್ದರೆ ನೇರವಾಗಿ ಸೇರಿಸುತ್ತಿದ್ದೆ, ಪ್ರೀಆಂಪ್ ಹಣ ಉಳಿಸುತ್ತಿದ್ದೆ. ಡಿಎಸಿ ಆನ್ ಆಗುವಾಗ ಪೂರ್ತಿ ವಾಲ್ಯೂಮಿನಲ್ಲಿ ಏಳುವ ಥರದ್ದಾದರೆ ಮಾತ್ರ ನಡುವೆ ಒಂದು ವಾಲ್ಯೂಮ್ ಪೆಟ್ಟಿಗೆ ಬೇಕು. ಇಲ್ಲ, ನನಗೆ ಬೇಕಿರುವುದು ಅದೇ 300ಬಿ ಸದ್ದು ಅನ್ನುತ್ತೀರಾ? ಆಗ ಮೊದಲು ಸ್ಪೀಕರ್ ಬದಲಿಸಿ. 8 ಓಮ್, 94 ಡೆಸಿಬಲ್ ಅಥವಾ ಮೇಲೆ, ಇಂಪೀಡೆನ್ಸ್ ಎಲ್ಲೂ 6 ಓಮ್‌ಗಿಂತ ಕೆಳಗೆ ಇಳಿಯದಂಥದ್ದು. ಅದನ್ನು ಈಗಿನ ಟ್ರಾನ್ಸಿಸ್ಟರ್ ಜೊತೆ ಕೆಲವು ತಿಂಗಳು ಕೇಳಿ. ನಿಮ್ಮ ಆಸೆಯ ಮುಕ್ಕಾಲು ಅಲ್ಲೇ ತೀರಿಹೋದರೆ ನನಗೇನೂ ಆಶ್ಚರ್ಯವಿಲ್ಲ.

ಇಎಲ್34 ನೋಡಲು ಹೋಗುವಾಗ ನಿಮ್ಮ ಸ್ಪೀಕರನ್ನೇ ಹೊತ್ತುಕೊಂಡು ಹೋಗಿ, ಅಲ್ಲಿರುವ ಸ್ಪೀಕರ್‌ನಲ್ಲಿ ಕೇಳಿ ತೀರ್ಮಾನ ಮಾಡಬೇಡಿ. 4 ಓಮ್ ಟ್ಯಾಪ್‌ನಲ್ಲೂ 8 ಓಮ್ ಟ್ಯಾಪ್‌ನಲ್ಲೂ ಕೇಳಿ, ಯಾವುದು ಹಿಡಿಸಿತೋ ಅದರಲ್ಲೇ ಇಟ್ಟುಕೊಳ್ಳಿ, ಮನೆಯಲ್ಲಿ ಕೇಳುವ ಮಟ್ಟದಲ್ಲಿ ಎರಡೂ ಸುರಕ್ಷಿತ. ಟ್ಯಾಪ್ ಬದಲಿಸುವಾಗ ಮಾತ್ರ ಆಂಪ್ಲಿಫೈಯರ್ ಆಫ್ ಮಾಡಿ. ಟ್ಯೂಬ್ ಆಂಪ್ಲಿಫೈಯರಿಗೆ ಸ್ಪೀಕರ್ ಇಲ್ಲದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಚಿಮ್ಮಿ ಅದು ಸುಟ್ಟುಹೋಗಬಹುದು, ಅಂಥದ್ದು ರಿಪೇರಿಗೆ ನನ್ನ ಹತ್ತಿರ ಬರುತ್ತಲೇ ಇರುತ್ತದೆ.